ಸೊಟ್ಟ ಹುಟ್ಟು

ಚೆರ್ರಿ ಹಲಗೆ, ಐದಡಿ ಚಿಲ್ಲರೆ, ಒಂದೂ ಗಂಟಿಲ್ಲ.
ಸೌನಾದ ಮಗ್ಗುಲ ಕೋಣೆಯಲ್ಲಿ ಎರಡು ಚಳಿಗಾಲ ಒಣಗಿ
ಬಾಗುವುದನ್ನೆಲ್ಲ ಬಾಗಿ ಮುಗಿಸಿತ್ತು.
ಥಂಡರ್ ಬೇಯಿಂದ ಬಡಗಣ ದಾರಿ ನಲವತ್ತು ಮೈಲಿ.
ಹೊರಗೆ ಸರೋವರ ಹೆಪ್ಪುಗಟ್ಟುವ ಸದ್ದು,
ಮಹಡಿಯ ಮೇಲೆ ಯಾರೋ ಕಬ್ಬಿಣದ ಮಂಚ ಎಳೆದ ಹಾಗೆ.

ಹಳೆಯದು ಸೀಳಿದ್ದು ಸೆಪ್ಟೆಂಬರಿನಲ್ಲಿ, ಎರಡು ಬಂಡೆಯ ನಡುವೆ ಸಿಕ್ಕು.
ತೈಮಿಯದು. ನನ್ನ ಅಕ್ಕ.
ಮೂವತ್ತೊಂದು ವರ್ಷ ದೋಣಿಯ ಹಿಂದೆ ಅವಳು, ಮುಂದೆ ನಾನು.
ನಾನು ಮಾಡಿದ ಮೊದಲ ಹುಟ್ಟು ಅದು,
ಅಂಚೆ ಚೀಲ ಹೊರುತ್ತಿದ್ದ ಕಾಲದಲ್ಲಿ, ಅಡುಗೆಮನೆಯ ಮೇಜಿನ ಮೇಲೆ.
ಅಮ್ಮ ಕೂಗುತ್ತಿದ್ದಳು:
ಪುಲ್ಲಾ ರೊಟ್ಟಿಯ ಹಿಟ್ಟಿಗೆಲ್ಲ ನಿನ್ನ ಮರದ ಹೊಟ್ಟು!

ಅಳತೆ ಹಿಡಿಯಲೆಂದು ಅದನ್ನು ಹೊಸ ಹಲಗೆಯ ಮೇಲಿಡುವ ಮುಂಚೆ
ಒಂದು ಕಣ್ಣು ಮುಚ್ಚಿ, ಹಿಡಿಯ ತುದಿಯಿಂದ ನೋಡಿದೆ.
ಸೊಟ್ಟ.
ಕಡ್ಡಿ ತುಂಡು ಮಾಡಿ ಹೇಳಿದ ಹಾಗೆ, ಸೊಟ್ಟ.
ಅಲಗು ಹಿಡಿಯ ಮಾತು ಕೇಳದೆ ಎಡಕ್ಕೆ ಮುಖ ತಿರುವಿತ್ತು,
ಮದುವೆಯ ಫೋಟೋದಲ್ಲಿ ಮುನಿಸಿಕೊಂಡ ಸೋದರಮಾವ.
ದೋಣಿ ನೆಟ್ಟಗೆ ಹೋಗುತ್ತಿತ್ತಲ್ಲ, ಇಷ್ಟು ವರ್ಷ?
ಕೇಳಿದೆ. ಕಾಫಿಗೆ ಸಕ್ಕರೆ ಕದಡುತ್ತ ಅಂದಳು:
"ಗೊತ್ತಿತ್ತು. ಮೊದಲ ದಿನವೇ."

ಸರಿ, ನಾಚಿಕೆಗೂ ಒಂದು ಕೆಲಸ ಬೇಕು.
ನಡುಗೆರೆ ಎಳೆದೆ, ಎರಡು ಮುಖಕ್ಕೂ.
ಎಳೆಗತ್ತಿಯಿಂದ ಒರಟು ತೆಗೆದು ಕೀಸುಳಿಗೆ ಬಂದೆ.
ಮರದ ಎಳೆ ನೋಡಿ ಕೀಸಬೇಕು,
ಎದುರು ಹೋದರೆ ಚಕ್ಕೆಯೇ ಕಿತ್ತು ಬರುತ್ತದೆ, ಸಿಟ್ಟಿನ ಉತ್ತರದ ಹಾಗೆ.
ಕೆಂಪು ಸುರುಳಿ ಪಾದ ಮುಚ್ಚಿತು.
ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಲಗಿದ್ದ ನಾರೆಲ್ಲ ಎದ್ದು ನಿಂತವು;
ಉಜ್ಜಿದೆ, ಮತ್ತೆ ಒರೆಸಿದೆ, ಮತ್ತೆ ಉಜ್ಜಿದೆ,
ಅವು ಏಳುವುದನ್ನೇ ಬಿಡುವ ತನಕ.
ಅಗಸೆ ಎಣ್ಣೆ ಮೂರು ಸಲ. ಹಿಡಿಗೆ ವಾರ್ನಿಷ್ ಕೂಡದು, ಬೊಬ್ಬೆ ಏಳುತ್ತದೆ.
ದಾರ ಕಟ್ಟಿ ತೂಗುಬಿಟ್ಟೆ. ನೆಟ್ಟಗಿತ್ತು.
ತಂತಿ ಕಂಬದಷ್ಟು ನೆಟ್ಟಗೆ.

ಮೇ ಕೊನೆಗೆ ಮಂಜುಗಡ್ಡೆ ಬಿಟ್ಟಿತು.
ನಾಲ್ಕು ಹುಟ್ಟು ಹಾಕಿದಳು. ದೋಣಿ ಬಲಕ್ಕೆ. ಎಡಕ್ಕೆ. ಮತ್ತೆ ಬಲಕ್ಕೆ,
ಶನಿವಾರ ರಾತ್ರಿಯ ನಮ್ಮಪ್ಪ.
ಬೀವರ್ ಗೂಡಿಗೆ ಮೂಗು ತಾಗಿಸಿ ನಿಂತೆವು.
ಬೆನ್ನ ಹಿಂದಿನಿಂದ ದನಿ:
"ಸರಿಯಾಗಿಯೇ ಮಾಡಿದ್ದೀಯ, ಉರ್ಹೊ.
ಈಗ ಈ ಮಣಿಕಟ್ಟನ್ನು ಏನು ಮಾಡಲಿ?"

ಬೇಸಿಗೆಯೆಲ್ಲ ಸೊಟ್ಟ ಮಾಡಲು ಕೂತೆ.
ಹುಟ್ಟುಗುಣ ಸುಟ್ಟರೂ ಹೋಗದಂತೆ. ಹೋಯಿತಲ್ಲ ನನ್ನದು!
ಇಪ್ಪತ್ತಾರರ ಕೈ ತಿಳಿಯದೆ ಮಾಡಿದ ತಪ್ಪನ್ನು
ಐವತ್ತೇಳರ ಕೈ ಬೇಡಿಕೊಂಡರೂ ಮಾಡಲೊಲ್ಲದು.
ಒಂದು ವಿಪರೀತ ಸೊಟ್ಟ. ಒಂದು ಬೇರೆ ಕಡೆಗೆ ಸೊಟ್ಟ.
ಮೂರನೆಯದು, ದೇವರೇ, ನೆಟ್ಟಗೆ.
ಮೂರೂ ಸೌನಾದ ಒಲೆಗೆ ಹೋದವು.
ಚೆರ್ರಿ ಘಮ್ಮೆಂದು ಉರಿಯಿತು;
ನನ್ನ ಎರಡು ತಿಂಗಳ ಕಾವಿನಲ್ಲಿ ನಾನೇ ಬೆತ್ತಲೆ ಕೂತು ಬೆವರಿದೆ.

ಆಗಸ್ಟಿನ ಒಂದು ಬೆಳಗ್ಗೆ ಗೋಡೆಯ ಮೊಳೆ ಖಾಲಿ.
ಅಂಗಳದಲ್ಲಿ ತೈಮಿ. ಹಳೆಯದರ ಸೀಳಿಗೆ ಅಂಟು ತುಂಬಿ
ಗಾಳದ ದಾರ ಸುತ್ತುತ್ತಿದ್ದಳು, ತುದಿಯನ್ನು ಹಲ್ಲಲ್ಲಿ ಕಚ್ಚಿ.
ನನ್ನನ್ನು ಏನೂ ಕೇಳಲಿಲ್ಲ.
ನೆಟ್ಟಗಿನದನ್ನು ಪಕ್ಕದ ಪೆಲ್ಟಿಯೆ ಮನೆಯ ಹುಡುಗಿಗೆ ಕೊಟ್ಟೆವು.
ಅವಳಿಗಿಂತ ಗೇಣು ಎತ್ತರ ಅದು. ಇರಲಿ, ಬೆಳೆಯುತ್ತಾಳೆ,
ಅವಳ ಕೈಗೆ ಇನ್ನೂ ಯಾವ ಅಭ್ಯಾಸವೂ ಇಲ್ಲ.

ಮುಂದೆ ಕೂತಿದ್ದೇನೆ. ಬೆನ್ನ ಹಿಂದೆ ಅವಳ ಹುಟ್ಟು
ನೀರಿಗಿಳಿಯಿತು, ಎಳೆಯಿತು, ಕೊನೆಗೊಂದು ಸಣ್ಣ
ಗುಳುಕ್.
ಮೂವತ್ತೊಂದು ವರ್ಷ ಕೇಳಿದ್ದೆ ಅದನ್ನು.
ನೀರು ಅಂದುಕೊಂಡಿದ್ದೆ.